ಹೊಗೆ ಕಾಣದ ಹಡಗು

"ಎಡಗಡೆ ಇನ್ನೊಂದು ಗೇಣು ಎಳೀರಿ ಮೇಡಂ, ಬಾವುಟ ಸೊಟ್ಟಗಾಗಿದೆ," ಎಂದು ಮಾಜಿ ನಾವಿಕರ ಸಂಘದ ಕಾರ್ಯದರ್ಶಿ ಹೇಳಿದ್ದು ಇದು ಮೂರನೆಯ ಸಲ.

ಶವಪೆಟ್ಟಿಗೆಯ ಆ ತುದಿಯಲ್ಲಿದ್ದ, ಸತ್ತವರ ಮಗಳು ಎಳೆದಳು. ಈಗ ಬಲಗಡೆ ಗಿಡ್ಡವಾಯಿತು. ಕಾರ್ಯದರ್ಶಿ ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿ, "ಹಾಂ, ಹಾಗಿರಲಿ" ಎಂದರು. ನೌಕಾಪಡೆಯಲ್ಲಿ ಅವರು ಮಾಡಿದ್ದು ಉಗ್ರಾಣದಲ್ಲಿ ಕಂಬಳಿ ಹಂಚುವ ಕೆಲಸ. ಆದರೆ ದನಿ ಮಾತ್ರ ಸೇನಾಪತಿಯದು. ಸಂಘದವರು ಯಾರು ಸತ್ತರೂ ಭಾಷಣ ಅವರದೇ. ಮೈಕು ಕೆಟ್ಟರೂ ಅವರಿಗೇನೂ ತೊಂದರೆಯಿಲ್ಲ.

ಮುಂದಿನ ಸಾಲಿನಲ್ಲಿ ತಂಗಿಯ ಜೊತೆ ಕೂತಿದ್ದ ಅಕ್ಕ ಕನ್ನಡಕ ಒರೆಸಿಕೊಂಡು, ಕೈಗೆ ಕೊಟ್ಟಿದ್ದ ಅಚ್ಚಿನ ಹಾಳೆಯನ್ನು ಮತ್ತೆ ಓದಿದಳು. ಮೇಲೆ ಗಂಡನ ಫೋಟೋ. ಬೋಳುತಲೆ, ದಪ್ಪ ಕನ್ನಡಕ, ನಿವೃತ್ತಿಯ ದಿನ ಅವರು ಕೆಲಸಕ್ಕಿದ್ದ ಆಸ್ಪತ್ರೆಯವರು ತೆಗೆಸಿದ್ದು. ಅದರ ಕೆಳಗೆ ಹೆಸರು, ಹುಟ್ಟಿದ ದಿನ, ಸತ್ತ ದಿನ. ಅದರ ಕೆಳಗೆ: 'ಮಹಾಯುದ್ಧದ ವೀರ ಫಿರಂಗಿಗಾರ. ಶತ್ರುಗಳ ಎರಡು ವಿಮಾನಗಳನ್ನು ಸಮುದ್ರಕ್ಕೆ ಕೆಡವಿದ ಧೀರ.'

"ಎರಡು ವಿಮಾನ ಅಂತ ಯಾರು ಹೇಳಿದ್ದೇ?" ಅಕ್ಕ ಪಕ್ಕದಲ್ಲಿದ್ದ ತಂಗಿಯನ್ನು ಕೇಳಿದಳು.

"ನಾನೇ ಹೇಳಿದ್ದು. ಕಾರ್ಯದರ್ಶಿ ಫೋನ್ ಮಾಡಿದಾಗ ನೀನು ಮಾತಾಡೋ ಸ್ಥಿತೀಲಿ ಇರಲಿಲ್ಲ. ಯಾಕೆ, ಮೂರಾ?"

"ನಾನು ಯಾವತ್ತಾದ್ರೂ ವಿಮಾನದ ಸುದ್ದಿ ಎತ್ತಿದ್ನಾ?"

"ಅಯ್ಯೋ, ಫಿರಂಗಿ ಹಾರಿಸೋರು ಇನ್ನೇನು ಕಾಗೆ ಹೊಡೀತಿದ್ರಾ? ಸುಮ್ನಿರು ಅಕ್ಕ. ಭಾವ ಬಾಯಿ ಬಿಟ್ಟು ಹೇಳ್ಕೊಳ್ಳೋ ಮನುಷ್ಯ ಅಲ್ಲ. ಇವತ್ತಾದ್ರೂ ಊರಿಗೆಲ್ಲ ಗೊತ್ತಾಗ್ಲಿ." ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳ ಕಣ್ಣಲ್ಲಿ ನಿಜವಾದ ನೀರಿತ್ತು. ಅದೇ ಅಕ್ಕನಿಗೆ ಸಂಕಟವಾದದ್ದು.

ಯಾಕೆಂದರೆ ಅಕ್ಕನ ಗಂಡ ಫಿರಂಗಿ ಮುಟ್ಟಿದವರೇ ಅಲ್ಲ. ಅದು ಈ ಸಭಾಂಗಣದಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಒಬ್ಬರು ಪೆಟ್ಟಿಗೆಯಲ್ಲಿದ್ದರು.

*

ಆಗ ಅಕ್ಕನ ಮದುವೆಯಾಗಿ ಆರು ವಾರವಾಗಿತ್ತು. ಯುದ್ಧ ಮುಗಿದು ಒಂದು ವರ್ಷವೂ ಆಗಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳ ಮದುವೆಯೂ ಒಂದೇ ತಿಂಗಳಲ್ಲಿ ಆಗಿತ್ತಾದ್ದರಿಂದ ಅಪ್ಪ ಇಬ್ಬರು ಅಳಿಯಂದಿರನ್ನೂ ಒಟ್ಟಿಗೇ ಊಟಕ್ಕೆ ಕರೆದಿದ್ದರು.

ತಂಗಿಯ ಗಂಡ ಕಾಲಾಳು ಪಡೆಯಿಂದ ಬಂದವನು. ಎತ್ತರದ ಆಳು, ಮೀಸೆ, ಕೋಟಿನ ಮೇಲೆ ಪದಕ. ಊಟದ ಮೇಜಿನ ಮೇಲಿದ್ದ ಲೋಟಗಳನ್ನೇ ಬೆಟ್ಟ, ಚಮಚವನ್ನೇ ಸೇತುವೆ ಮಾಡಿಕೊಂಡು, ಗುಂಡಿನ ಮಳೆಯಲ್ಲಿ ತಾನು ಹೊಳೆ ದಾಟಿದ್ದನ್ನು ತೋರಿಸಿದ. ಅಪ್ಪ ಊಟ ಮಾಡುವುದನ್ನೇ ಮರೆತು ಬಾಯಿ ಬಿಟ್ಟುಕೊಂಡು ಕೇಳಿದರು. ತಂಗಿ ಗಂಡನನ್ನು ನೋಡಲಿಲ್ಲ, ಅಕ್ಕನನ್ನೇ ನೋಡುತ್ತಿದ್ದಳು. ಹೇಗಿದೆ ನಮ್ಮೋರ ಪರಾಕ್ರಮ ಅನ್ನುವ ಹಾಗೆ.

ಕೊನೆಗೆ ಅಪ್ಪ ದೊಡ್ಡ ಅಳಿಯನ ಕಡೆ ತಿರುಗಿದರು. "ನೀವು ಹಡಗಲ್ಲಿ ಏನು ಕೆಲಸದಲ್ಲಿದ್ರಿ?"

ಅಕ್ಕನ ಗಂಡನ ಬಾಯಲ್ಲಿ ತುತ್ತಿತ್ತು. ಅವರು ಯಾವುದನ್ನೂ ನಿಧಾನಕ್ಕೆ ಅಗಿಯುವವರು. ಆ ತುತ್ತು ಇಳಿಯುವಷ್ಟರಲ್ಲಿ ಅಕ್ಕನ ತಲೆಯಲ್ಲಿ ಅವರು ದುಡಿದಿದ್ದ, ಹಡಗಿನ ತಳದಲ್ಲಿ ಹಬೆ ಎಬ್ಬಿಸುವ ಬಾಯ್ಲರ್ ಮನೆ ಹಾದುಹೋಯಿತು: ಎಣ್ಣೆ, ಮಸಿ, ಬರಿಮೈಯಲ್ಲಿ ಬೆವರು ಸುರಿಸುತ್ತ ನಿಂತ ಗಂಡ. ತಂಗಿಯ ತುಟಿ ಕೊಂಕುವುದೂ ಕಂಡಿತು.

"ಫಿರಂಗಿ ಹಾರಿಸ್ತಿದ್ರು," ಎಂದುಬಿಟ್ಟಳು.

ಅವರು ತಲೆಯೆತ್ತಿ ಹೆಂಡತಿಯನ್ನು ಒಂದು ಸಲ ನೋಡಿದರು. ಆಮೇಲೆ ತಟ್ಟೆ ನೋಡಿಕೊಂಡು ಊಟ ಮುಂದುವರಿಸಿದರು.

ಮನೆಗೆ ನಡೆದು ಬರುವಾಗ ದಾರಿಯಲ್ಲಿ ಕೇಳಿದರು: "ಯಾವ ಸೈಜಿನ ಫಿರಂಗಿ ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳ್ಲಿ?"

"ದೊಡ್ಡದು ಅನ್ನಿ."

ಅವರು ಗೊಳ್ಳೆಂದು ನಕ್ಕರು. "ಆಯ್ತು ಮಾರಾಯ್ತಿ. ದೊಡ್ಡದು."

ಅಷ್ಟೇ. ಆ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಎಡ ಮೊಣಕೈಯ ಕೆಳಗೆ ಹಬೆ ಬಡಿದು ಸುಟ್ಟ ಕಲೆಯಿತ್ತು. ಯಾರೋ ಕೇಳಿದಾಗ ಫಿರಂಗಿಯ ಕೊಳವೆ ತಾಗಿದ್ದು ಎಂದು ಅಕ್ಕನೇ ಹೇಳಿದಳು. ಮಗಳು ಹುಟ್ಟಿ, ಶಾಲೆಗೆ ಹೋಗಿ, ಅಲ್ಲಿ ತನ್ನಪ್ಪ ಫಿರಂಗಿಗಾರ ಎಂದು ಹೇಳಿಕೊಂಡು ಬಂದಳು. ಅವರು ಅವಳ ತಲೆ ಸವರಿದರೇ ಹೊರತು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಹೆಂಡತಿಯ ಮಾನ ಹೆಂಡತಿಯ ತಂಗಿಯ ಮುಂದೆ ಉಳಿಯಬೇಕಿತ್ತಲ್ಲ.

ಊರಿನಲ್ಲಿ ಮಾಜಿ ನಾವಿಕರ ಸಂಘ ಶುರುವಾದಾಗ ಅವರಿಗೂ ಕರೆಯೋಲೆ ಬಂತು. ಮುಂದಿನ ವರ್ಷವೂ ಬಂತು. ಪ್ರತಿಸಲ ಅದನ್ನು ಓದಿ, ಮಡಿಚಿ, ಗಡಿಯಾರದ ಕೆಳಗೆ ಇಟ್ಟು, "ಆಮೇಲೆ ನೋಡೋಣ" ಅನ್ನುತ್ತಿದ್ದರು. ನಮ್ಮೋರಿಗೆ ಕೆಲಸ ಬಿಟ್ಟರೆ ಮನೆ, ಮನೆ ಬಿಟ್ಟರೆ ಕೆಲಸ, ಗುಂಪು ಗದ್ದಲ ಆಗಿಬರಲ್ಲ ಎಂದು ಅಕ್ಕ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಹಾಗೆಂದು ನಂಬಿಯೂ ಇದ್ದಳು.

*

ಬಾಗಿಲ ಹತ್ತಿರ ಏನೋ ಗುಜುಗುಜು ಕೇಳಿಸಿತು. ಅಕ್ಕ ತಿರುಗಿ ನೋಡಿದಳು. ಕೋಲೂರಿಕೊಂಡ ಒಬ್ಬ ಮುದುಕ, ಇಸ್ತ್ರಿ ಮಾಡಿದ ಹಳೆಯ ಕೋಟು, ಕೋಲಿನ ಕೈಯಲ್ಲೇ ಪತ್ರಿಕೆಯ ತುಂಡು, ಇನ್ನೊಂದರಲ್ಲಿ ಆ ಅಚ್ಚಿನ ಹಾಳೆ. ಮಗಳ ಹತ್ತಿರ ಏನೋ ಕೇಳುತ್ತಿದ್ದ. ಮಗಳ ಮುಖ ಗಂಟಿಕ್ಕಿಕೊಂಡಿತು. ಮುದುಕ ಕೈಮುಗಿದು, ಹಾಳೆಯನ್ನು ಅವಳಿಗೇ ವಾಪಸು ಕೊಟ್ಟು, ಹೊರಗೆ ಹೋಗಿಬಿಟ್ಟ.

ಮಗಳು ಬಂದು ತಾಯಿಯ ಇನ್ನೊಂದು ಪಕ್ಕದಲ್ಲಿ ಧೊಪ್ಪನೆ ಕೂತಳು.

"ಯಾರೇ ಅದು?"

"ಯಾರೋ ಏನೋ. ತಪ್ಪಿ ಬಂದಿದಾರೆ. ಪೇಪರಲ್ಲಿ ಹಡಗಿನ ಹೆಸರು ನೋಡಿ ಎರಡು ಬಸ್ಸು ಬದಲಾಯಿಸ್ಕೊಂಡು ಬಂದ್ರಂತೆ ಪಾಪ. ಈ ಹಾಳೆ ಓದಿ, 'ಇವರು ಮೇಲಿನವರು, ನಾನು ನೋಡೋಕೆ ಬಂದಿದ್ದು ಕೆಳಗಿನವನನ್ನ' ಅಂದ್ರು. ಬಾಯ್ಲರ್ ಮನೆಯವನಂತೆ. ಹೆಸರೇನು ಅಂದ್ರೆ ಹೆಸರು ಗೊತ್ತಿಲ್ವಂತೆ. ಹಡಗಲ್ಲಿ ಎಲ್ರೂ ಅವನನ್ನ ಗೂಬೆ ಅಂತಿದ್ರಂತೆ! ಸಾವಿನ ಮನೆಗೆ ಬಂದು ಆಡೋ ಮಾತಾ ಅದು? ಫೋಟೋ ತೋರಿಸ್ದೆ. ಐವತ್ತೈದು ವರ್ಷ ಆಯ್ತು, ಗುರುತು ಸಿಗಲ್ಲಮ್ಮ, ಆದ್ರೆ ಗೂಬೆ ಫಿರಂಗಿಯವನಲ್ಲ, ನಂದೇ ತಪ್ಪು ಅಂತ ಹೋದ್ರು."

ಅಕ್ಕ ಬಾಗಿಲ ಕಡೆ ಕತ್ತು ಹೊರಳಿಸಿದಳು.

ಗೂಬೆ. ಆ ಹೆಸರನ್ನು ಅವಳು ಕೇಳಿದ್ದು ಒಂದೇ ಸಲ, ಗಂಡನ ಬಾಯಿಂದಲೇ. ಬಾಯ್ಲರ್ ಒಲೆಯ ಉರಿಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದುದರಿಂದ ಗೆಳೆಯರು ಇಟ್ಟದ್ದು. ಅಪ್ಪಿತಪ್ಪಿ ತಂಗಿಯ ಮುಂದೆ ಅಂದೀರಿ ಜೋಕೆ, ಎಂದು ಅವಳು ಗದರಿದ್ದಳು.

ಗಡಿಯಾರದ ಕೆಳಗಿನ ಆ ಕರೆಯೋಲೆಗಳು ಈಗ ಅರ್ಥವಾದವು. ಗುಂಪು ಗದ್ದಲ ಆಗದೆ ಅಲ್ಲ. ಸಂಘಕ್ಕೆ ಹೋದರೆ ಯಾವ ಫಿರಂಗಿ, ಹಡಗಿನ ಎಷ್ಟನೇ ಅಟ್ಟ, ನಿಮ್ಮ ಜೊತೆ ಯಾರಿದ್ದರು ಎಂದು ಕೇಳುತ್ತಾರೆ. ನಿಜ ಹೇಳಿದರೆ ಹೆಂಡತಿ ಸುಳ್ಳಿ, ಸುಳ್ಳು ಹೇಳಲು ಅವರಿಗೆ ಬಾರದು. ಅದಕ್ಕೇ ಹೋಗಲಿಲ್ಲ. ಒಂದು ಊಟದ ಮೇಜಿನ ಮೇಲೆ ಅವಳು ಮೆರೆದ ಜಂಬಕ್ಕೆ ಅವರು ತಮ್ಮ ಗೆಳೆಯರನ್ನೆಲ್ಲ ಬಿಟ್ಟುಕೊಟ್ಟಿದ್ದರು. ಉಳಿದಿದ್ದ ಒಬ್ಬನೇ ಒಬ್ಬ ಈಗ ಬಸ್ ಸ್ಟಾಪಿನ ಕಡೆ ಹೋಗುತ್ತಿದ್ದ.

"ಓಡು," ಎಂದಳು ಮಗಳಿಗೆ. "ಬಸ್ ಬರೋದ್ರೊಳಗೆ ಹಿಡಿ ಅವರನ್ನ."

"ಯಾಕಮ್ಮಾ?"

"ನಿಮ್ಮಪ್ಪನೇ ಗೂಬೆ ಅಂತ ಹೇಳು."

ಐವತ್ತು ದಾಟಿದ ಶಾಲಾ ಟೀಚರು, ಪ್ರಶ್ನೆ ಕೇಳುವುದೇ ಅವಳ ಕಸುಬು. ಆದರೆ ತಾಯಿಯ ಮುಖ ನೋಡಿ ಏನೂ ಕೇಳದೆ ಎದ್ದಳು. ಚಪ್ಪಲಿಯ ಸದ್ದು ಬಾಗಿಲು ದಾಟುವಾಗ ಓಟಕ್ಕೆ ತಿರುಗಿತು.

ಅದೇ ಹೊತ್ತಿಗೆ ಕಾರ್ಯದರ್ಶಿ ಮೈಕಿಗೆ ಎರಡು ಸಲ ಬಡಿದು, ಗಂಟಲು ಸರಿಮಾಡಿಕೊಂಡರು.

*

ಯುದ್ಧದ ನಂತರ ಅಕ್ಕನ ಗಂಡ ಮೂವತ್ತೊಂದು ವರ್ಷ ದುಡಿದದ್ದು ಊರಿನ ಆಸ್ಪತ್ರೆಯ ಬಾಯ್ಲರ್ ಮನೆಯಲ್ಲಿ. ಬಟ್ಟೆ ಒಗೆಯಲು, ಕತ್ತರಿ ಚಿಮಟ ಕುದಿಸಲು, ಬಾಣಂತಿಯರ ಕೋಣೆ ಬೆಚ್ಚಗಿಡಲು ಬೇಕಾದ ಹಬೆಯೆಲ್ಲ ಅಲ್ಲಿಂದಲೇ. ಒಂದು ದಿನ ಅವರು ಬುತ್ತಿ ಮರೆತು ಹೋಗಿದ್ದರು. ಅಕ್ಕ ಮಧ್ಯಾಹ್ನ ತಾನೇ ತೆಗೆದುಕೊಂಡು ಹೋದಳು.

ಮಸಿ ಹಿಡಿದ ಗುಹೆಯೇ ಇರಬೇಕು ಎಂದುಕೊಂಡಿದ್ದಳು. ನೋಡಿದರೆ ನೆಲ ಅವಳ ಅಡುಗೆಮನೆಗಿಂತ ಚೊಕ್ಕಟ. ಹಿತ್ತಾಳೆಯ ವಾಲ್ವುಗಳು ಫಳಫಳ. ಅವರು ಕೈ ಒರೆಸಿಕೊಂಡು, ಅವಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಚಿಮಣಿಯ ತುದಿ ತೋರಿಸಿದರು.

"ಏನು ಕಾಣುತ್ತೆ?"

"ಏನೂ ಇಲ್ಲ. ಆಕಾಶ."

"ಅದೇ ನನ್ನ ಕೆಲಸ," ಎಂದರು. ಅವಳಿಗೆ ಅರ್ಥವಾಗಲಿಲ್ಲ ಎಂದು ಗೊತ್ತಾಗಿ, ಮೆಟ್ಟಿಲ ಮೇಲೆ ಕೂತು, ಊಟ ಮಾಡುತ್ತ ವಿವರಿಸಿದರು. ಉರಿಗೆ ಗಾಳಿ ಕಡಿಮೆಯಾದರೆ ಕರಿಹೊಗೆ, ಜಾಸ್ತಿಯಾದರೆ ಬಿಳಿಹೊಗೆ. ಎರಡರ ನಡುವೆ ಕೂದಲೆಳೆಯಷ್ಟು ಜಾಗವಿದೆ, ಅಲ್ಲಿ ನಿಂತರೆ ಹೊಗೆಯೇ ಇಲ್ಲ. ಇಲ್ಲಿ ಹೊಗೆ ಬಂದರೆ ಯಾರದೋ ಒಗೆದ ಬಟ್ಟೆ ಕೊಳೆಯಾಗುತ್ತದೆ. ಯುದ್ಧದ ಸಮುದ್ರದಲ್ಲಿ ಹೊಗೆ ಬಂದರೆ ಹತ್ತು ಹದಿನೈದು ಮೈಲಿಯಾಚೆಯಿಂದ ಶತ್ರುವಿಗೆ ಕಾಣುತ್ತದೆ.

"ಒಂದು ದಿನ ಹಾಗೆ ಆಗಿತ್ತು," ಎಂದರು. "ಮೂರು ಹಡಗು ಇದ್ವಿ. ಶತ್ರುಗಳು ದೊಡ್ಡ ಗುಂಪು, ದಿಗಂತದ ಆಚೆ. ಚದುರಿ ಹೋಗಿ ಅಂತ ಅಪ್ಪಣೆ ಆಯ್ತು. ಮೇಲಿನವರು ನಮ್ಮ ತಲೆ ಮೇಲಿನ ಕಬ್ಬಿಣದ ಬಾಗಿಲು ಬಿಗಿದ್ರು. ಹಾಗೇ ಬಿಗೀಬೇಕು, ನೀರು ನುಗ್ಗಿದ್ರೆ ನಮ್ಮ ಕೋಣೆಗೇ ನಿಲ್ಲಲಿ ಅಂತ. ಆರು ಗಂಟೆ. ಒಂದು ಕೈ ಎಣ್ಣೆ ವಾಲ್ವ್ ಮೇಲೆ, ಒಂದು ಕೈ ಗಾಳಿ ಮೇಲೆ."

"ಹೆದರಿಕೆ ಆಗ್ಲಿಲ್ವಾ?"

"ಆಯ್ತು. ಆದ್ರೆ ಉರಿ ನೋಡ್ಬೇಕಿತ್ತಲ್ಲ." ಅವರು ಒಂದು ತುತ್ತು ಅಗಿದು ನುಂಗಿದರು. "ನಮ್ಮ ಜೊತೆಯ ಇನ್ನೊಂದು ಹಡಗಿಂದ ಕರಿಹೊಗೆ ಬಂತಂತೆ. ಅದನ್ನ ಹುಡುಕಿ ಮುಳುಗಿಸಿದ್ರು. ಅಲ್ಲಿನ ಬಾಯ್ಲರ್ ಮನೆಯೋರೂ ನಮ್ಮಂಥೋರೇ. ಒಂದು ನಿಮಿಷ ಕಣ್ಣು ಆಚೆ ಹೋಗಿರುತ್ತೆ, ಅಷ್ಟೇ."

ಅವಳಿಗೆ ಅವತ್ತು ಗಂಡನನ್ನು ತಬ್ಬಿಕೊಳ್ಳಬೇಕು ಅನ್ನಿಸಿತ್ತು. ಆಸ್ಪತ್ರೆಯ ಅಂಗಳ, ದಾದಿಯರು ಓಡಾಡುತ್ತಿದ್ದರು. ಸುಮ್ಮನೆ ಬುತ್ತಿಯ ಡಬ್ಬಿ ತೊಳೆದುಕೊಂಡು ಮನೆಗೆ ಬಂದಳು. ಬಂದವಳು ತಂಗಿಯ ಮನೆಗೆ ಹೋಗಿ ನಿಜ ಹೇಳಬಹುದಿತ್ತು. ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದು ಮುಂದೆ ತಳ್ಳಿದ್ದು ಅಲ್ಲಿಗೇ ಉಳಿಯಿತು.

*

"...ಆಕಾಶದಿಂದ ಸಾವು ಎರಗುತ್ತಿದ್ದಾಗ, ಫಿರಂಗಿಯ ಹಿಂದೆ ಬಂಡೆಯಂತೆ ನಿಂತ ಈ ಧೀರ..." ಕಾರ್ಯದರ್ಶಿಯ ದನಿಗೆ ಕಿಟಕಿಯ ಗಾಜು ನಡುಗುತ್ತಿತ್ತು.

ಅಕ್ಕ ಕುರ್ಚಿಯ ಕೈ ಹಿಡಿದು ಎದ್ದಳು. ಮಂಡಿ ಕಟಕಟ ಎಂದಿತು.

"ಓದ್ಬೇಡಿ," ಎಂದಳು.

ಕಾರ್ಯದರ್ಶಿ ಕನ್ನಡಕದ ಮೇಲಿಂದ ನೋಡಿದರು. "ಅಮ್ಮಾ, ನೀವು ದುಃಖದಲ್ಲಿದೀರಿ. ಕೂತ್ಕೊಳ್ಳಿ."

"ದುಃಖದಲ್ಲಿದೀನಿ, ತಲೆ ಕೆಟ್ಟಿಲ್ಲ. ಆ ಹಾಳೇಲಿ ಇರೋದು ಸುಳ್ಳು. ಅವರು ಹೇಳಿದ ಸುಳ್ಳಲ್ಲ, ನಾನು ಹೇಳಿದ್ದು."

ತಂಗಿ ಅವಳ ಸೆರಗು ಹಿಡಿದು ಜಗ್ಗಿದಳು. "ಅಕ್ಕಾ! ಏನಾಗಿದೆ ನಿಂಗೆ?"

"ನಿನ್ನ ಗಂಡನ ಪದಕ ನೋಡಿ ಹೊಟ್ಟೆಕಿಚ್ಚಾಯ್ತು ಕಣೆ, ಅದಕ್ಕೇ ಹೇಳ್ದೆ," ಎಂದಳು ಅಕ್ಕ, ಎಲ್ಲರಿಗೂ ಕೇಳುವ ಹಾಗೆ. "ನಮ್ಮೋರು ಫಿರಂಗಿ ಮುಟ್ಟಿಲ್ಲ. ವಿಮಾನ ಬೀಳಿಸಿಲ್ಲ. ಹಡಗಿನ ಬಾಯ್ಲರ್ ಮನೆಯವರು. ನನಗೆ ಅದು ನಾಚಿಕೆ ಅನ್ನಿಸ್ತು. ಇವತ್ತು ಆ ನಾಚಿಕೆ ಪಟ್ಟಿದ್ದಕ್ಕೆ ನಾಚಿಕೆ ಆಗ್ತಿದೆ."

ಪೆಟ್ಟಿಗೆ ಹೊರಲು ಬಂದಿದ್ದ ಆಸ್ಪತ್ರೆಯ ಬಾಯ್ಲರ್ ಮನೆಯ ಆರು ಜನ ಗೋಡೆಗೊರಗಿ ನಿಂತಿದ್ದವರು ನೆಟ್ಟಗಾದರು.

ಅಕ್ಕ ಭಾಷಣ ಮಾಡಿದವಳಲ್ಲ. ತಡವರಿಸುತ್ತಲೇ ಹೇಳಿದಳು: ಮೂರು ಹಡಗು, ಮೇಲಿಂದ ಬಿಗಿದ ಬಾಗಿಲು, ಒಂದು ಕೈ ಎಣ್ಣೆ ಮೇಲೆ, ಒಂದು ಕೈ ಗಾಳಿ ಮೇಲೆ. "ಆರು ಗಂಟೆ ಹೊತ್ತು ಆ ಹಡಗಿಂದ ಹೊಗೆ ಬರ್ಲಿಲ್ಲ. ಅದಕ್ಕೇ ಶತ್ರುಗಳಿಗೆ ಸಿಗ್ಲಿಲ್ಲ. ಒಳಗಿದ್ದೋರೆಲ್ಲ ಮನೆಗೆ ಬಂದ್ರು. ಎಷ್ಟು ಜನ ಅಂತ... ಹೇಳಿದ್ರು, ನಂಗೆ ಮರ್ತುಹೋಗಿದೆ..."

"ಮುನ್ನೂರ ಹನ್ನೆರಡು," ಎಂದಿತು ಬಾಗಿಲಿನಿಂದ ಒಂದು ದನಿ.

ಮಗಳು ಏದುಸಿರು ಬಿಡುತ್ತ ನಿಂತಿದ್ದಳು. ಅವಳ ತೋಳು ಹಿಡಿದುಕೊಂಡು ಆ ಕೋಲಿನ ಮುದುಕ.

"ಮುನ್ನೂರ ಹನ್ನೆರಡು ಜನ ತಾಯಿ. ಅದರಲ್ಲಿ ನಾನೂ ಒಬ್ಬ. ಅವನ ಪಕ್ಕದ ಬಾಯ್ಲರ್ ನಂದು." ನಡುದಾರಿಯಲ್ಲಿ ಕೋಲೂರಿಕೊಂಡು ಮುಂದೆ ಬಂದ. "ನನ್ನ ಕೈ ನಡುಗ್ತಿತ್ತು. 'ನನ್ನ ನೋಡಬೇಡ, ಉರಿ ನೋಡು' ಅಂತ ಇಡೀ ದಿನ ಹೇಳ್ತಾನೇ ಇದ್ದ. ಸಂಜೆ ಕ್ಯಾಪ್ಟನ್ನು ಮೇಲಿಂದ ಮಾತಾಡೋ ಕೊಳವೇಲಿ ಕೂಗಿದ್ರು, 'ಏನ್ರಯ್ಯ, ಕೆಳಗೆ ಬೆಂಕಿ ಉರೀತಿದ್ಯಾ, ಆರಿಹೋಯ್ತಾ?' ಅಂತ. ಇವನು ಹೇಳ್ದ: 'ಉರೀತಿದೆ ಸಾರ್. ನಿಮಗೆ ಕಾಣಬಾರ್ದು, ಅಷ್ಟೇ.'"

ಮೊದಲು ನಕ್ಕದ್ದು ಗೋಡೆಯ ಹತ್ತಿರದ ಆ ಆರು ಜನ. ಆಮೇಲೆ ಎಲ್ಲರೂ. ಸಾವಿನ ಸಭೆಯಲ್ಲಿ ನಗಬಹುದೇ ಎಂದು ಕಾರ್ಯದರ್ಶಿ ಸುತ್ತ ನೋಡಿ, ತಾವೂ ನಕ್ಕರು. ತಮ್ಮ ಭಾಷಣದ ಹಾಳೆಗಳನ್ನು ಮಡಿಚಿ ಜೇಬಿಗೆ ತುರುಕಿಕೊಂಡು, ಮುದುಕನಿಗೆ ಕುರ್ಚಿ ತಂದುಕೊಟ್ಟರು. ಅಷ್ಟು ದೊಡ್ಡತನ ಅವರಲ್ಲಿತ್ತು.

ಅಕ್ಕ ಕೂತಳು. ತಂಗಿ ಮುಖ ಊದಿಸಿಕೊಂಡಿದ್ದಳು.

"ನಾನು ಎಷ್ಟು ಜನರ ಹತ್ತಿರ ಹೇಳಿದೀನಿ ಗೊತ್ತಾ? ನಮ್ಮ ಬೀದಿಗೆ ಬೀದಿಗೇ ಹೇಳಿದೀನಿ. ಇನ್ನು ನಾನು ಮುಖ ಹೇಗೆ ತೋರಿಸ್ಲಿ?"

"ನಂದೇ ತಪ್ಪು ಕಣೆ. ಬಯ್ಯಿ."

ತಂಗಿ ಬಯ್ಯಲು ಬಾಯಿ ತೆರೆದಳು. ಆದರೆ ಹಿಂದಿನ ಸಾಲಿನ ಕಿವಿ ಮಂದದ ನೆರೆಮನೆಯಾಕೆ ಏನಾಯ್ತು ಏನಾಯ್ತು ಎಂದು ಕೇಳುತ್ತಿದ್ದಳು. ತಂಗಿ ಕಣ್ಣೊರೆಸಿಕೊಂಡು ಅತ್ತ ತಿರುಗಿದಳು. "ನಮ್ಮ ಭಾವ ರೀ! ಎಂಟು ಗಂಟೆ ಹೊತ್ತು, ಒಂದೆಳೆ ಹೊಗೆ ಬರದ ಹಾಗೆ..."

"ಆರು," ಎಂದಳು ಅಕ್ಕ. "ಆರೇ ಗಂಟೆ."

"ಆರು ಗಂಟೆ ರೀ," ಎಂದಳು ತಂಗಿ, ಇನ್ನೂ ಜೋರಾಗಿ.

ಹೊರಡುವ ಹೊತ್ತಾಯಿತು. ಆರು ಜನರೂ ಬಂದು ಬಗ್ಗಿ ಪೆಟ್ಟಿಗೆಯ ಹಿಡಿಕೆಗಳಿಗೆ ಕೈ ಹಾಕಿದರು.

"ತಡೀರಿ, ತಡೀರಿ!" ಮುದುಕ ಕುರ್ಚಿಯಿಂದ ಎದ್ದ. "ಪಾಳಿ ಬಿಡಿಸ್ದೆ ಕರ್ಕೊಂಡು ಹೋಗ್ತೀರಾ?"

ಆರು ಜನರೂ ಕೈ ತೆಗೆದರು. ಮುದುಕ ಅಕ್ಕನ ಕಡೆ ತಿರುಗಿ, ಮಗುವಿಗೆ ಹೇಳುವ ಹಾಗೆ ಹೇಳಿದ: "ನಮ್ಮ ಕೆಳಗಿನ ಕಾನೂನು ಅದು ತಾಯಿ. ಪಾಳಿ ಮುಗೀತು ಅಂತ ಯಾರೂ ತಾವಾಗೇ ಎದ್ದು ಹೋಗೋ ಹಾಗಿಲ್ಲ. ಬದಲಿ ಬಂದೋನು ಪಕ್ಕದಲ್ಲಿ ನಿಂತು, ಎಲ್ಲ ನೋಡಿ, ಒಪ್ಪಿಸು ಅನ್ಬೇಕು. ಹೋಗೋನು ಒಪ್ಪಿಸ್ದೆ ಅನ್ಬೇಕು. ಅಲ್ಲೀವರೆಗೂ ಏಣಿಗೆ ಕಾಲಿಡಂಗಿಲ್ಲ."

ಅವನು ಪೆಟ್ಟಿಗೆಯ ಪಕ್ಕಕ್ಕೆ ಹೋದ. ಕೋಲನ್ನು ಪೆಟ್ಟಿಗೆ ಇಟ್ಟಿದ್ದ ಮೇಜಿಗೆ ಒರಗಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಬಾವುಟದ ಮೇಲೆ ಅಂಗೈ ಇಟ್ಟ.

"ನೀರು ಸರಿಯಾಗಿದೆ. ಉರಿ ಸರಿಯಾಗಿದೆ. ನಾನು ಬಂದಿದೀನಿ. ಒಪ್ಪಿಸು."

ಹೇಳಿದವನು ಹಳೆಯ ಅಭ್ಯಾಸದಂತೆ ಉತ್ತರಕ್ಕೆ ಕಾದ. ಸುಮ್ಮನೆ ಕಾಯುತ್ತಲೇ ಇದ್ದ. ಹೊರುವವರು ಮುಖ ಮುಖ ನೋಡಿಕೊಂಡರು. ಮಗಳು ಅಳತೊಡಗಿದಳು.

ಅಕ್ಕ ಎದ್ದು ಹೋಗಿ ಪೆಟ್ಟಿಗೆಯ ಈ ಪಕ್ಕದಲ್ಲಿ ನಿಂತಳು.

"ಒಪ್ಪಿಸ್ದೆ," ಎಂದಳು. ಗಂಡನ ಮಾತಿನ ಧಾಟಿಯಲ್ಲೇ, ಚುಟುಕಾಗಿ, ಕೆಲಸದ ಮಧ್ಯೆ ಹೇಳಿದ ಹಾಗೆ.

ಆರು ಜನರೂ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡರು. ಎಲ್ಲರೂ ಎದ್ದು ಹಿಂದೆ ಹೊರಟರು. ಅಕ್ಕ, ಮಗಳು, ಇನ್ನೂ ಯಾರಿಗೋ ಹೇಳುತ್ತಲೇ ಇದ್ದ ತಂಗಿ, ತಲೆ ತಗ್ಗಿಸಿಕೊಂಡು ಕಾರ್ಯದರ್ಶಿ. ಬಾಗಿಲು ದಾಟುವಾಗ ಅಕ್ಕ ಒಮ್ಮೆ ತಿರುಗಿ ನೋಡಿದಳು. ಮುದುಕ ಬಂದಿರಲಿಲ್ಲ. ಖಾಲಿ ಮೇಜಿನ ಪಕ್ಕದಲ್ಲಿ, ಕೋಲು ಮುಟ್ಟದೆ, ಕಣ್ಣು ಮಿಟುಕಿಸದೆ, ಪಾಳಿಗೆ ನಿಂತಿದ್ದ.